ಹಳೆಯ ಮರದ ಕಿಟಕಿ ಕೀಳುವ ಮುನ್ನ ಬಿಸಿಲಿನ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟೊಡನೆ ಕಲ್ಯಾಣ ಕರ್ನಾಟಕದ ಊರುಗಳಲ್ಲಿ ಹಳೆಯ ಮನೆಗಳ ಸಾಗವಾನಿ ಕಿಟಕಿಗಳನ್ನು ಚೌಕಟ್ಟಿನ ಸಮೇತ ಕಿತ್ತು, ಆ ಜಾಗದಲ್ಲಿ ಅಲ್ಯೂಮಿನಿಯಂ ಅಥವಾ ಯುಪಿವಿಸಿಯ (ಗಟ್ಟಿ ಪ್ಲಾಸ್ಟಿಕ್) ಸರಿಸುವ ಕಿಟಕಿಗಳನ್ನು ಕೂರಿಸುವ ಕೆಲಸ ಭರದಿಂದ ನಡೆಯುತ್ತದೆ. ‘ಹಳೇ ಕಿಟಕಿಯಿಂದ ಧಗಿ ಒಳಗ ಬರ್ತದ, ಎ.ಸಿ. ಹಾಕಿದ್ರೂ ತಂಪು ನಿಲ್ಲಂಗಿಲ್ಲ’ ಎಂಬುದು ಮನೆಯವರು ಹೇಳುವ ಕಾರಣ. ಅವರ ದೂರು ಸುಳ್ಳಲ್ಲ. ಆದರೆ ಧಗೆಗೆ ಕಾರಣವಾಗಿರುವುದು ಮರವಲ್ಲ, ಗಾಜಿನ ಮೇಲೆ ನೇರವಾಗಿ ಬೀಳುವ ಬಿಸಿಲು ಮತ್ತು ವರ್ಷಗಟ್ಟಲೆ ದುರಸ್ತಿ ಕಾಣದ ಸಂದಿಗಳು ಎಂಬುದು ಕಟ್ಟಡ ಕಾಮಗಾರಿಗಳಲ್ಲಿ ಬಹುಕಾಲ ದುಡಿದ ನನ್ನ ಖಚಿತ ಅಭಿಪ್ರಾಯ. ಕಿಟಕಿ ಬದಲಿಸಿದರೂ ಈ ಎರಡರಲ್ಲಿ ಮೊದಲನೆಯದು ಹಾಗೆಯೇ ಉಳಿಯುವುದರಿಂದ, ಸಾವಿರಾರು ರೂಪಾಯಿ ಕಳೆದುಕೊಂಡ ಮೇಲೂ ಮಧ್ಯಾಹ್ನದ ಕೋಣೆ ಮೊದಲಿನಂತೆಯೇ ಕುದಿಯುತ್ತಿರುತ್ತದೆ. ಕಿತ್ತ ಸಾಗವಾನಿ ಮಾತ್ರ ಗುಜರಿಯವರ ಕೈಸೇರಿ, ಹೊಳಪು ಕಂಡು, ದೊಡ್ಡ ಊರಿನ ಹೋಟೆಲುಗಳಲ್ಲಿ ಅಲಂಕಾರದ ವಸ್ತುವಾಗಿ ತೂಗುತ್ತದೆ.

ಕಿಟಕಿಯ ಮೂಲಕ ಬಿಸಿ ಒಳಬರುವ ದಾರಿಗಳು ಮೂರು. ಗಾಜನ್ನು ಹಾದು ಬಂದ ಬಿಸಿಲು ನೆಲ, ಗೋಡೆ, ಮಂಚಗಳನ್ನು ನೇರವಾಗಿ ಕಾಯಿಸುವುದು ಮೊದಲನೆಯದು. ಹೊರಗಿನ ಬಿಸಿ ಗಾಳಿಯಿಂದ ಗಾಜು ಮತ್ತು ಚೌಕಟ್ಟು ಕಾದು, ಆ ಕಾವು ಒಳಮುಖವಾಗಿ ಹರಿಯುವುದು ಎರಡನೆಯದು. ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಗಾಳಿಯೇ ನುಗ್ಗುವುದು ಮೂರನೆಯದು. ಪಶ್ಚಿಮದ ಗೋಡೆಯಲ್ಲಿರುವ, ಒಂದು ಚದರ ಮೀಟರ್ ಗಾಜುಳ್ಳ ಕಿಟಕಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಮೇ ತಿಂಗಳ ನಿರಭ್ರ ದಿನದಲ್ಲಿ ಸಂಜೆ 4ರ ಸುಮಾರಿಗೆ ಅದರ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 600 ವಾಟ್. ಸಾದಾ ಗಾಜು ಅದರಲ್ಲಿ ಶೇ 80ಕ್ಕೂ ಹೆಚ್ಚು ಭಾಗವನ್ನು ಒಳಬಿಡುವುದರಿಂದ ಹತ್ತಿರ ಹತ್ತಿರ 500 ವಾಟ್ ಶಾಖ ಕೋಣೆಯೊಳಗೆ ಬಂದು ಬೀಳುತ್ತದೆ. ಅದೇ ಹೊತ್ತಿನಲ್ಲಿ ಹೊರಗೆ 42 ಡಿಗ್ರಿ, ಒಳಗೆ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, ಗಾಜು ಕಾದು ಒಳಕ್ಕೆ ದಾಟಿಸುವ ಶಾಖ 70 ವಾಟ್ ಆಸುಪಾಸಿನದು. ಅಂದರೆ ಬಿಸಿಲಿನ ಪಾಲು ಏಳು ಪಟ್ಟು ಹೆಚ್ಚು. ಯಾವುದನ್ನು ಮೊದಲು ತಡೆಯಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಳಿ ದೇಶಗಳ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಒಳಗಿನ ಬಿಸಿಯನ್ನು ಹೊರಹೋಗದಂತೆ ಹಿಡಿಯಬೇಕು, ಬಿಸಿಲು ಎಷ್ಟು ಬಂದರೂ ಲಾಭವೇ. ಹೀಗಾಗಿ ಅಲ್ಲಿ ಎರಡು ಪದರದ ಗಾಜಿಗೆ ಸಹಜವಾಗಿಯೇ ಮನ್ನಣೆಯಿದೆ. ಹೊರದೇಶದಲ್ಲಿ ನೆಲೆಸಿರುವ ಮಕ್ಕಳು ಊರಿಗೆ ಫೋನು ಮಾಡಿದಾಗ ತಂದೆ–ತಾಯಿಗೆ ಅದನ್ನೇ ಹಾಕಿಸುವಂತೆ ಪ್ರೀತಿಯಿಂದ ಒತ್ತಾಯಿಸುವುದನ್ನು ನಾನು ಬಲ್ಲೆ. ಸಾದಾ ಗಾಜನ್ನೇ ಎರಡು ಪದರ ಮಾಡಿದರೆ ಮೇಲೆ ಹೇಳಿದ 70 ವಾಟ್ 35ಕ್ಕೆ ಇಳಿಯುತ್ತದೆ, ನಿಜ. ಆದರೆ 500 ವಾಟ್ ಬಿಸಿಲಿನಲ್ಲಿ ಕಡಿಮೆಯಾಗುವುದು ಅತ್ಯಲ್ಪ. ಜತೆಗೆ ತೂಕದ ತೊಂದರೆಯೂ ಇದೆ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ. ತೂಗುತ್ತದೆ, ಎರಡು ಪದರವಾದರೆ 20 ಕೆ.ಜಿ. ನಮ್ಮ ಹಳೆಯ ಕದಗಳ ತೆಳ್ಳನೆಯ ಪಟ್ಟಿಗಳು ಮತ್ತು ಸವೆದ ಬಿಜಾಗರಿಗಳು ಆ ಭಾರವನ್ನು ತಾಳದೆ, ಕದ ಜೋತುಬಿದ್ದು, ಇಲ್ಲದ ಸಂದಿಗಳು ಹೊಸದಾಗಿ ಹುಟ್ಟಿಕೊಳ್ಳುತ್ತವೆ.

ಬಿಸಿಲನ್ನು ತಡೆಯಬೇಕಾದ ಜಾಗ ಗಾಜಿನ ಹೊರಗಡೆ, ಒಳಗಡೆಯಲ್ಲ. ದಪ್ಪ ಬಟ್ಟೆಯ ಪರದೆಯನ್ನು ಒಳಗೆ ಇಳಿಬಿಟ್ಟರೆ ಕೋಣೆ ಕತ್ತಲಾಗುತ್ತದೆಯೇ ಹೊರತು, ಗಾಜನ್ನು ದಾಟಿ ಬಂದ ಬಿಸಿಲು ಆಗಲೇ ಒಳಗೆ ಬಂದುಬಿಟ್ಟಿರುತ್ತದೆ. ಪರದೆ ಕಾದು, ಆ ಕಾವಿನ ಬಹುಪಾಲನ್ನು ಕೋಣೆಗೇ ಬಿಡುತ್ತದೆ. ಹೊರಗಡೆ ತಡೆದ ಬಿಸಿಲಿನ ಕಾವನ್ನು ಹೊರಗಿನ ಗಾಳಿಯೇ ಒಯ್ಯುತ್ತದೆ. ‘ಕಿಟಕಿಗೆ ಸಜ್ಜಾ ಇದೆಯಲ್ಲ’ ಎಂದು ಯಾರಾದರೂ ಕೇಳಿಯಾರು. ಇಲ್ಲಿ ಸೂರ್ಯನ ನಡೆಯನ್ನು ಸ್ವಲ್ಪ ಗಮನಿಸಬೇಕಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ, ಕಲಬುರಗಿಯಲ್ಲಿ ಮೇ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಆದ್ದರಿಂದ ಕಡುಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ಸಣ್ಣ ಸಜ್ಜಾ ಸಾಕು. ಅಲ್ಲಿ ಅಷ್ಟೇನೂ ಬಿಸಿಲು ಬೀಳುವುದಿಲ್ಲ. ಪಶ್ಚಿಮದ ಮಾತು ಬೇರೆ. ಸಂಜೆ 4ಕ್ಕೆ ಸೂರ್ಯ ದಿಗಂತದಿಂದ 40 ಡಿಗ್ರಿಗೂ ಕಡಿಮೆ ಎತ್ತರದಲ್ಲಿರುತ್ತಾನೆ. ಆಗ ಒಂದೂವರೆ ಅಡಿ ಚಾಚಿದ ಸಜ್ಜಾದ ನೆರಳು ಗೋಡೆಯ ಮೇಲೆ ಒಂದಡಿ ಚಿಲ್ಲರೆ ಇಳಿಯುತ್ತದೆ, 5 ಗಂಟೆಯ ಹೊತ್ತಿಗೆ ಮುಕ್ಕಾಲು ಅಡಿಯೂ ಇರುವುದಿಲ್ಲ. ನಾಲ್ಕಡಿ ಎತ್ತರದ ಕಿಟಕಿಯ ಮುಕ್ಕಾಲು ಭಾಗ ದಿನದ ಅತ್ಯಂತ ಬಿಸಿ ಹೊತ್ತಿನಲ್ಲಿ ಬಯಲಿನಲ್ಲಿದ್ದಂತೆಯೇ ಲೆಕ್ಕ.

ಹೀಗಾಗಿ ಪಶ್ಚಿಮದ ಕಿಟಕಿಗೆ ಬೇಕಾದದ್ದು ನಿಲುವು ತಡೆ. ಮೇದಾರರು ಹೆಣೆದುಕೊಡುವ ಬಿದಿರಿನ ತಟ್ಟಿಯನ್ನು ಸಜ್ಜಾದ ಅಂಚಿನಿಂದ ಇಳಿಬಿಡುವುದು ಈ ಭಾಗದಲ್ಲಿ ಹೊಸ ವಿಷಯವೇನಲ್ಲ. ತಟ್ಟಿಯನ್ನು ಗಾಜಿಗೆ ಅಂಟಿಸಿದಂತೆ ಕಟ್ಟದೆ, ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟು, ಮೇಲ್ತುದಿಯನ್ನು ತೆರೆದಿಡಬೇಕು. ಕಾದ ಗಾಳಿ ಮೇಲಕ್ಕೆ ಹೋಗಲು ಅದೇ ದಾರಿ. ಲಾವಂಚದ ತಟ್ಟಿಯಾದರೆ, ನೀರು ಚಿಮುಕಿಸಿದಾಗ ಹಾದುಬರುವ ಗಾಳಿಯೂ ತಂಪಾಗುತ್ತದೆ, ಆಗ ಮಾತ್ರ ಕಿಟಕಿ ತೆರೆದಿರಬೇಕು. ಗಾಳಿ ಒಣಗಿರುವ ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಕಾರವಾರಗಳಲ್ಲಿ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಅಲ್ಲಿಯವರು ಇದಕ್ಕೆ ಕೈಹಾಕಿದರೆ ಸೆಕೆ ಇನ್ನಷ್ಟು ಹೆಚ್ಚೀತು.

ಆದರೆ ಹಳೆಯ ಮನೆಗಳ ಬಹುದೊಡ್ಡ ಆಸ್ತಿಯೆಂದರೆ ಗಾಜೇ ಇಲ್ಲದ ಹಲಗೆಯ ಕದಗಳು. ಅನೇಕ ಮನೆಗಳಲ್ಲಿ ಅವು ಮೇಲೊಂದು ಜೋಡಿ, ಕೆಳಗೊಂದು ಜೋಡಿಯಾಗಿರುತ್ತವೆ. ಒಂದಿಂಚು ದಪ್ಪದ ಸಾಗವಾನಿ ಕದವನ್ನು ಮುಚ್ಚಿದಾಗ ಅದರ ಮೂಲಕ ನುಸುಳುವ ಕಾವು ಒಂಟಿ ಗಾಜಿನ ಮೂಲಕ ನುಸುಳುವುದರ ಅರ್ಧದಷ್ಟು ಮಾತ್ರ, ಅಂದರೆ ದುಬಾರಿಯ ಎರಡು ಪದರದ ಗಾಜಿಗೆ ಹತ್ತಿರ ಹತ್ತಿರ ಸಮ. ಆ ಗಾಜಿಗೆ ಸಾಧ್ಯವಾಗದ ಇನ್ನೊಂದು ಕೆಲಸವನ್ನೂ ಇದು ಮಾಡುತ್ತದೆ: ಬಿಸಿಲನ್ನು ಪೂರ್ತಿ ತಡೆಯುತ್ತದೆ. ಕೆಳಗಿನ ಜೋಡಿ ಮುಚ್ಚಿ ಮೇಲಿನದನ್ನು ಓರೆ ಮಾಡಿಟ್ಟರೆ ಓದಲು ಸಾಕಾಗುವಷ್ಟು ಬೆಳಕೂ ಸಿಗುತ್ತದೆ. ಇಷ್ಟು ಗುಣವುಳ್ಳ ವಸ್ತುವನ್ನು ಕಿತ್ತೆಸೆದು, ಶಾಖವನ್ನು ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಹರಿಸುವ ಅಲ್ಯೂಮಿನಿಯಂ ಚೌಕಟ್ಟಿಗೆ ಹಣ ಕೊಡುವುದನ್ನು ಏನೆನ್ನಬೇಕೋ ತಿಳಿಯದು. ಯುಪಿವಿಸಿ ಆ ದೃಷ್ಟಿಯಿಂದ ವಾಸಿ, ಅದನ್ನು ಒಪ್ಪುತ್ತೇನೆ. ಆದರೂ ಅದರಲ್ಲಿ ಕೂರುವುದು ಮತ್ತದೇ ಬಯಲು ಗಾಜು.

ಇನ್ನು ಸಂದಿಗಳ ವಿಷಯ. ಇಲ್ಲಿ ಹಳೆಯ ಕಿಟಕಿಯ ಮೇಲಿನ ಆರೋಪ ನ್ಯಾಯವಾದದ್ದೇ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಎರಡು ಕದಗಳ ಕಿಟಕಿಯನ್ನು ತೆಗೆದುಕೊಂಡರೆ, ಸುತ್ತಳತೆ ಹದಿನಾರು ಅಡಿ, ಕದಗಳು ಕೂಡುವ ನಡುಗೆರೆ ನಾಲ್ಕಡಿ, ಒಟ್ಟು ಇಪ್ಪತ್ತಡಿ ಉದ್ದದ ಸಂದಿ. ಅದರ ಅಗಲ ಸರಾಸರಿ 2 ಮಿ.ಮೀ. ಇದ್ದರೂ ಒಟ್ಟು ವಿಸ್ತೀರ್ಣ ಸುಮಾರು 120 ಚದರ ಸೆಂ.ಮೀ. ಆಗುತ್ತದೆ, ಗೋಡೆಯಲ್ಲಿ ಅಂಗೈ ಅಗಲದ ತೂತು ಕೊರೆದು ಎ.ಸಿ. ಹಚ್ಚಿದಂತೆ. ಅದನ್ನು ಮುಚ್ಚುವುದು ಕಷ್ಟವಲ್ಲ, ಆದರೆ ಮರದ ಸ್ವಭಾವ ತಿಳಿದು ಮುಚ್ಚಬೇಕು. ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಂಡ ಕದಕ್ಕೆ ಆಗಲೇ ಬಡಗಿಯನ್ನು ಕರೆಸಿ ತೋಪಡ ಹೊಡೆಸಿ ಅಂಚು ಸವರಿಸುವುದು ನಮ್ಮಲ್ಲಿ ರೂಢಿ. ಆ ಹೊತ್ತಿಗೆ ಕದ ಸಲೀಸಾಗಿ ಹಾಕಿಕೊಳ್ಳುತ್ತದೆ. ಏಪ್ರಿಲಿನಲ್ಲಿ ಮರ ಒಣಗಿ ಕುಗ್ಗಿದಾಗ, ಸವರಿ ತೆಗೆದಷ್ಟೂ ಸಂದಿಯಾಗಿ ಕಾಣಿಸಿಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಉಬ್ಬು, ಮತ್ತೆ ತೋಪಡ. ಉಬ್ಬುವುದಕ್ಕೆ ಕಾರಣ ಬೇರೆಡೆ ಇದೆ. ಕದವೊಂದನ್ನು ಬಿಜಾಗರಿಯಿಂದ ಬಿಡಿಸಿ ತಲೆಕೆಳಗಾಗಿ ನಿಲ್ಲಿಸಿ ನೋಡಿದರೆ, ಎದುರು ಮತ್ತು ಹಿಂದಿನ ಮೈಗೆ ನಾಲ್ಕು ಪದರ ಬಣ್ಣ ಕೂತಿದ್ದರೂ ಕೆಳಗಿನ ಅಂಚು ಬರಿ ಮರವಾಗಿಯೇ ಇರುತ್ತದೆ. ಮೇಲಿನ ಅಂಚೂ ಅಷ್ಟೇ. ಕಾಣದ ಜಾಗವೆಂದು ಬಣ್ಣದವರು ಬಿಟ್ಟಿರುತ್ತಾರೆ. ನಿಲುವು ಪಟ್ಟಿಗಳ ಕೊಯ್ದ ತುದಿಗಳು ನೀರು ಹೀರುವುದು ಅಲ್ಲಿಯೇ. ಆ ಎರಡು ಅಂಚುಗಳಿಗೆ ಬೇಸಿಗೆಯಲ್ಲಿ, ಮರ ಚೆನ್ನಾಗಿ ಒಣಗಿರುವಾಗ, ಅಗಸೆ ಎಣ್ಣೆ ಕುಡಿಸಿ ಎರಡು ಕೈ ಬಣ್ಣ ಬಳಿದರೆ ಉಬ್ಬುವುದು ಬಹಳಷ್ಟು ಕಡಿಮೆಯಾಗುತ್ತದೆ.

ಅನಂತರವೇ ಸಂದಿಗೆ ರಬ್ಬರಿನ ಪಟ್ಟಿ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಸ್ಪಂಜಿನ ಪಟ್ಟಿ ನಮ್ಮ ಬಿಸಿಲಿಗೆ ಬೇಗನೆ ಪುಡಿಯಾಗುತ್ತದೆ. ಒಳಗೆ ಟೊಳ್ಳಿರುವ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವ ರಬ್ಬರ್ ಪಟ್ಟಿಯನ್ನು ಚೌಕಟ್ಟಿನಲ್ಲಿ ಕದ ಕೂರಲು ಕೊರೆದ ಕಚ್ಚಿನೊಳಗೆ, ಕದ ಬಂದು ತಾಗುವ ಮೈಗೆ ಅಂಟಿಸಬೇಕು. ಮರ ಸ್ವಲ್ಪ ಹಿಗ್ಗಿದರೂ ಕುಗ್ಗಿದರೂ ಅದು ಹೊಂದಿಕೊಳ್ಳುತ್ತದೆ. ಜೋತುಬಿದ್ದ ಕದಕ್ಕೆ ಪಟ್ಟಿ ಅಂಟಿಸಿ ಪ್ರಯೋಜನವಿಲ್ಲ. ಮೊದಲು ಬಿಜಾಗರಿಯ ಸಡಿಲ ತಿರುಪುಗಳನ್ನು ತೆಗೆದು, ಆ ತೂತುಗಳಿಗೆ ಸಾಗವಾನಿಯ ಸಣ್ಣ ಬೆಣೆ ಬಡಿದು, ಮತ್ತೆ ತಿರುಪು ಹಾಕಿದರೆ ಕದ ತನ್ನ ಜಾಗಕ್ಕೆ ಬರುತ್ತದೆ. ಗಾಜಿನ ಅಂಚಿನ ಪುಟ್ಟಿ ಉದುರಿದ್ದರೆ ಅಲ್ಲಿಂದಲೂ ಗಾಳಿ ನುಗ್ಗುತ್ತದೆ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ ಮಾಡಿಕೊಳ್ಳುವ ಹಳೆಯ ಪುಟ್ಟಿಯೇ ಈಗಲೂ ಉತ್ತಮ; ನಮ್ಮ ಕಡೆ ಚಟ್ನಿಪುಡಿಗೆ ಬಳಸುವ ಅಗಸಿಯ ಎಣ್ಣೆಯೇ ಅದು, ಆದರೆ ಬೇಗ ಒಣಗಬೇಕಾದ್ದರಿಂದ ಬಣ್ಣದ ಅಂಗಡಿಯಲ್ಲಿ ಸಿಗುವ ಕಾಯಿಸಿದ ಎಣ್ಣೆಯನ್ನೇ ಕೊಳ್ಳಬೇಕು.

ಈ ಕೆಲಸದಲ್ಲಿ ಒಂದು ಅಪಾಯವಿದ್ದು, ಅದನ್ನು ಯಾರೂ ಹೇಳುವುದಿಲ್ಲ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ ರೂಪಿಸಿದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಆ ಧೂಳು ಉಸಿರಿನೊಂದಿಗೆ ಒಳಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದಷ್ಟು ಕೇಡು ಮಾಡುವ ವಸ್ತುಗಳು ವಿರಳ. ಬೆಂಕಿ ಹಚ್ಚುವ ಬ್ಲೋಲ್ಯಾಂಪಿನಿಂದ ಬಣ್ಣ ಸುಡುವುದು ಅದಕ್ಕಿಂತಲೂ ಕೆಟ್ಟದ್ದು. ನೀರು ಹಚ್ಚಿ ಒದ್ದೆಯಾಗಿಯೇ ಕೆರೆಯಬೇಕು, ಚಕ್ಕೆಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿಯಬೇಕು, ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಅತ್ತ ಸುಳಿಯಗೊಡಬಾರದು. ಇದೇ ಮಾತಿಗೆ ಸೇರಿಸಬೇಕಾದ ಇನ್ನೊಂದು ಎಚ್ಚರ: ಅಡುಗೆಮನೆಯ ಕಿಂಡಿಗಳನ್ನು ಮತ್ತು ಗ್ಯಾಸ್ ಗೀಸರ್ ಇರುವ ಬಚ್ಚಲಮನೆಯ ಕಿಟಕಿಗಳನ್ನು ಯಾವ ಕಾರಣಕ್ಕೂ ಹೀಗೆ ಬಿಗಿಯಾಗಿ ಮುಚ್ಚಬಾರದು. ಗಾಳಿಯಾಡದ ಬಚ್ಚಲಿನಲ್ಲಿ ಗೀಸರಿನಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋದ ಸುದ್ದಿಗಳು ಈ ಪತ್ರಿಕೆಗಳಲ್ಲಿಯೇ ಬರುತ್ತಿರುತ್ತವೆ.

ಗಾಜಿಗೆ ಅಂಟಿಸುವ ಫಿಲ್ಮಿನ ಬಗ್ಗೆ ಹಲವರು ಕೇಳುತ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮನ್ನು ನಿಷೇಧಿಸಿದ್ದು ವಾಹನಗಳ ಗಾಜಿಗೆ, ಮನೆಗಳಿಗಲ್ಲ. ಹೊರಗೆ ತಟ್ಟಿ ಕಟ್ಟಲು ಆಗದ ಮಹಡಿ ಮನೆಗಳಿಗೆ ಬಿಸಿಲನ್ನು ಹಿಂದಕ್ಕೆ ಹೊಳೆಯಿಸುವ ಫಿಲ್ಮ್ ಪರವಾಗಿಲ್ಲ. ಬರಿ ಕಪ್ಪು ಫಿಲ್ಮ್ ಬಿಸಿಲನ್ನು ತಾನೇ ಹೀರಿ ಗಾಜನ್ನು ಕಾಯಿಸುತ್ತದೆ, ಹಳೆಯ ಗಾಜು ಬಿರುಕು ಬಿಡಲೂಬಹುದು.

ಸರಿಸುವ ಕಿಟಕಿಯಿಂದ ಆಗುವ ಮತ್ತೊಂದು ನಷ್ಟವನ್ನು ಕೊಳ್ಳುವಾಗ ಯಾರೂ ಎಣಿಸುವುದಿಲ್ಲ. ಹಳೆಯ ಕದಗಳು ಪೂರ್ತಿ ತೆರೆದುಕೊಳ್ಳುತ್ತವೆ. ಸರಿಸುವ ಕಿಟಕಿ ಎಷ್ಟೇ ಸರಿಸಿದರೂ ಅರ್ಧವೇ. ಕೇಂದ್ರ ಇಂಧನ ಸಚಿವಾಲಯದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊಸ ವಸತಿ ಕಟ್ಟಡಗಳಿಗಾಗಿ ಹೊರತಂದ ‘ಎಕೊ ನಿವಾಸ್ ಸಂಹಿತೆ’ಯಲ್ಲಿ, ತೆರೆಯಬಹುದಾದ ಕಿಟಕಿಯ ವಿಸ್ತೀರ್ಣವು ನೆಲದ ವಿಸ್ತೀರ್ಣದ ಎಷ್ಟು ಪಾಲಿರಬೇಕು ಎಂದು ಹೇಳಲಾಗಿದೆ: ಒಣ ಬಿಸಿಲಿನ ವಲಯಕ್ಕೆ ಕನಿಷ್ಠ ಶೇ 10, ಬೆಂಗಳೂರಿನಂತಹ ಸಮಶೀತೋಷ್ಣ ವಲಯಕ್ಕೆ ಶೇ 12.5, ಕರಾವಳಿಯಂತಹ ಸೆಕೆಯ ವಲಯಕ್ಕೆ ಶೇ 16.66. ಹನ್ನೆರಡಡಿ ಚೌಕದ ಕೋಣೆಗೆ ನಾಲ್ಕಡಿ ಚೌಕದ ಹಳೆಯ ಕಿಟಕಿಯೊಂದಿದ್ದರೆ ಅದು ಶೇ 11ರಷ್ಟಾಗುತ್ತದೆ. ಅಲ್ಲಿಯೇ ಸರಿಸುವ ಕಿಟಕಿ ಕೂರಿಸಿದರೆ ಶೇ 5.5ಕ್ಕೆ ಇಳಿಯುತ್ತದೆ. ಹಳೆಯ ಮನೆಗಳಿಗೆ ಈ ಸಂಹಿತೆ ಅನ್ವಯಿಸದಿರಬಹುದು, ಗಾಳಿಗೆ ಆ ಭೇದವಿಲ್ಲ.

ತೆರೆಯುವ ಜಾಗ ಇಷ್ಟು ಮುಖ್ಯವಾಗುವುದು ರಾತ್ರಿಯ ಕಾರಣಕ್ಕೆ. ಒಳನಾಡಿನಲ್ಲಿ ಹಗಲಿನ ಉರಿಗೂ ಬೆಳಗಿನ ಜಾವದ ತಂಪಿಗೂ ಹತ್ತು–ಹದಿನೈದು ಡಿಗ್ರಿ ಅಂತರವಿರುತ್ತದೆ. ಸಂಜೆ ಹೊರಗೆ ತಂಪಾದ ಮೇಲೆ ಎಲ್ಲ ಕಿಟಕಿಗಳನ್ನೂ ತೆರೆದು, ಹೊತ್ತೇರುವ ಮುಂಚೆ ಕದಗಳನ್ನೆಲ್ಲ ಮುಚ್ಚಿಬಿಡುವ ಹಿರಿಯರ ಪದ್ಧತಿ ದಪ್ಪ ಗೋಡೆಯ ಮನೆಗಳಿಗೆ ಹೇಳಿ ಮಾಡಿಸಿದ್ದು; ರಾತ್ರಿ ತಣಿದ ಶಹಾಬಾದ್ ಕಲ್ಲಿನ ನೆಲ ಮತ್ತು ಗೋಡೆ ಮಧ್ಯಾಹ್ನದವರೆಗೂ ತಂಪನ್ನು ಹಿಡಿದಿಡುತ್ತವೆ. ಚಾವಣಿಯ ಹತ್ತಿರದ ಬೆಳಕಿಂಡಿಗಳು ಅಲ್ಲಿ ಸೇರುವ ಬಿಸಿ ಗಾಳಿಗೆ ಹೊರದಾರಿಯಾಗಿರುವುದರಿಂದ ಅವುಗಳನ್ನು ಇಟ್ಟಿಗೆ ಇಟ್ಟು ಮುಚ್ಚುವ ಬದಲು, ಎ.ಸಿ. ಇರುವ ಕೋಣೆಯಲ್ಲಿ ಮಾತ್ರ ಬೇಕೆಂದಾಗ ಮುಚ್ಚಿ ತೆರೆಯಬಹುದಾದ ಹಲಗೆ ಹಾಕಿಸುವುದು ಮೇಲು. ಕರಾವಳಿಗೆ ಈ ಪದ್ಧತಿ ಒಗ್ಗದು. ಅಲ್ಲಿ ರಾತ್ರಿಯೂ ಹೆಚ್ಚು ತಣಿಯದು, ಹಗಲಿಡೀ ನೆರಳಿನ ಜತೆಗೆ ಗಾಳಿ ಬೀಸುತ್ತಿರಬೇಕು. ಮಡಿಕೇರಿಯಂತಹ ಚಳಿಯ ಊರಿನವರಿಗೆ ಬೇಕಾದದ್ದು ಸಂದಿ ಮುಚ್ಚುವ ಕೆಲಸ ಮಾತ್ರ. ತಟ್ಟಿ ಕಟ್ಟಿ ಅವರು ತಮಗೆ ಬೇಕಾದ ಬಿಸಿಲನ್ನು ಕಳೆದುಕೊಳ್ಳಬಾರದು.

ಎ.ಸಿ. ಬೇಡವೆಂದು ನಾನು ವಾದಿಸುತ್ತಿಲ್ಲ. ವಯಸ್ಸಾದವರಿರುವ ಮನೆಗಳಲ್ಲಿ ಅದು ಈಗ ಅನಿವಾರ್ಯ. 2020ರಿಂದ ಸ್ಟಾರ್ ಗುರುತಿನ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕೆಂಬ ನಿಯಮವಿದೆ; ಆದರೆ ಪಶ್ಚಿಮದ ಬಿಸಿಲು ನೇರವಾಗಿ ನುಗ್ಗುವ, ಸಂದಿಗಳಿರುವ ಕೋಣೆಯಲ್ಲಿ 24ರಲ್ಲಿ ಯಾರಿಗೂ ಹಾಯೆನಿಸುವುದಿಲ್ಲ, ಜನ 18ಕ್ಕೆ ಇಳಿಸುತ್ತಾರೆ, ಬಿಲ್ಲು ಏರುತ್ತದೆ.

ಖಾಸಗಿ ಮನೆಗಳ ನಿರ್ಧಾರ ಮನೆಯವರಿಗೆ ಬಿಟ್ಟದ್ದು. ಸಾರ್ವಜನಿಕ ಹಣದ ವಿಷಯ ಹಾಗಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಬೇಕಾಗುವ ಈ ಭಾಗದಲ್ಲಿ, ಹಳೆಯ ಸರ್ಕಾರಿ ಶಾಲೆ, ಕಚೇರಿ, ಆಸ್ಪತ್ರೆಗಳ ನವೀಕರಣವೆಂದರೆ ಮರದ ಕಿಟಕಿ ಕಿತ್ತು ಸರಿಸುವ ಕಿಟಕಿ ಹಾಕುವುದು ಎಂಬಂತಾಗಿದೆ. ಲೋಕೋಪಯೋಗಿ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿಗಳ ಎಂಜಿನಿಯರುಗಳು ಅಂದಾಜುಪಟ್ಟಿ ತಯಾರಿಸುವಾಗ, ದುರಸ್ತಿಗೆ ತಗಲುವ ವೆಚ್ಚವನ್ನೂ ಬದಲಿಸುವ ವೆಚ್ಚವನ್ನೂ ಅಕ್ಕಪಕ್ಕದಲ್ಲಿ ತೋರಿಸುವುದನ್ನು ಮತ್ತು ಪಶ್ಚಿಮದ ಕಿಟಕಿಗಳ ಹೊರನೆರಳಿಗೆ ಪ್ರತ್ಯೇಕ ಬಾಬತ್ತು ಸೇರಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಗೆದ್ದಲು ತಿಂದ ಕೆಳಪಟ್ಟಿಯನ್ನಷ್ಟೇ ಕತ್ತರಿಸಿ ಹೊಸ ತುಂಡು ಕೂಡಿಸಬಲ್ಲ ಬಡಗಿಗಳು ಕಡಿಮೆಯಾಗುತ್ತಿದ್ದು, ಐಟಿಐಗಳ ಬಡಗಿ ಕೆಲಸದ ವಿದ್ಯಾರ್ಥಿಗಳಿಗೆ ಇಂತಹ ಶಾಲೆಗಳ ಕಿಟಕಿಗಳ ಮೇಲೆಯೇ ತರಬೇತಿ ಕೊಡಬಹುದು. ಅಂದಾಜುಪಟ್ಟಿಗಳು ದೀಪಾವಳಿಯ ಹೊತ್ತಿಗೆ ಮಂಜೂರಾದರೆ ಬೇಸಿಗೆಗೆ ಮುಂಚೆ ಕೆಲಸ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವ ಕೊಠಡಿಗಳನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಶಿಕ್ಷಣ ಇಲಾಖೆಯನ್ನು ಈ ಪತ್ರದ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಿವಿಲ್ ಎಂಜಿನಿಯರ್, ಕಲಬುರಗಿ